ಗೃಹಕೃತ್ಯ: ತಿಂಗಳ ಪ್ರಯಾಣಕ್ಕೆ ಎಷ್ಟು ಗಂಟು?

ಬೇಸಗೆಯ ರಜೆಯು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ದೂರಪ್ರಯಾಣದ ಮಾತು ತಲೆದೋರುವುದು. ರೈಲಿನ ಟಿಕೆಟ್ಟುಗಳನ್ನು ಎರಡು ತಿಂಗಳು ಮುಂಚಿತವಾಗಿಯೇ ಕೊಳ್ಳುವರು. ತಂಗುವ ಛತ್ರಗಳನ್ನೂ ವಸತಿಗೃಹಗಳನ್ನೂ ವಿಚಾರಿಸಿ ಗೊತ್ತುಮಾಡುವರು. ಯಾವ ಊರಿನಲ್ಲಿ ಎಷ್ಟು ದಿನವೆಂಬುದನ್ನು ಕಾಗದದ ಮೇಲೆ ಬರೆದಿಡುವರು. ಆದರೆ ಸಾಮಾನು ಕಟ್ಟುವ ಕಾರ್ಯಕ್ಕೆ ಮಾತ್ರ ಹೊರಡುವ ಹಿಂದಿನ ರಾತ್ರಿಯೇ ಮುಹೂರ್ತವು. ಅಡಿಗೆಮನೆಯ ಕೆಲಸವೆಲ್ಲ ಮುಗಿದ ಮೇಲೆ, ಮಿಕ್ಕವರು ಮಲಗಿದ ಮೇಲೆ, ಗೃಹಿಣಿಯೊಬ್ಬಳೇ ಪೆಟ್ಟಿಗೆಗಳ ನಡುವೆ ಕುಳಿತು ಈ ಕೆಲಸವನ್ನು ಮಾಡುವಳು. ಹೀಗೆ ಅವಸರದಲ್ಲಿ ಕಟ್ಟಿದ ಗಂಟು ಬೇಕಾದುದಕ್ಕಿಂತ ಎರಡರಷ್ಟು ದೊಡ್ಡದಾಗಿರುವುದಲ್ಲದೆ, ನಿಜವಾಗಿ ಬೇಕಾದ ಒಂದೆರಡು ವಸ್ತುಗಳು ಅದರಲ್ಲಿ ಇಲ್ಲದೆಯೂ ಹೋಗುವುವು. ಆದುದರಿಂದ ಈ ತಿಂಗಳು ಪ್ರಯಾಣದ ಗಂಟಿನ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವುದು ಉಚಿತವೆಂದು ತೋರುತ್ತದೆ.

ನಮ್ಮ ಹಿರಿಯರು ಪ್ರಯಾಣಕ್ಕೆ ಹೊರಟರೆ ಮನೆಯನ್ನೇ ಜೊತೆಯಲ್ಲಿ ಒಯ್ಯುತ್ತಿದ್ದರೆಂದು ನಾವು ನಗುವುದುಂಟು. ಅವರ ಕಾಲಕ್ಕೆ ಅದು ಅವಶ್ಯವಾಗಿತ್ತು. ಮದರಾಸಿನ ಏನುಗುಲ ವೀರಾಸ್ವಾಮಯ್ಯನವರು ೧೮೩೦ನೆಯ ಇಸವಿ ಮೇ ತಿಂಗಳಿನಲ್ಲಿ ಕಾಶೀಯಾತ್ರೆಗೆ ಹೊರಟು ೧೮೩೧ನೆಯ ಸೆಪ್ಟೆಂಬರಿನಲ್ಲಿ ಹಿಂದಿರುಗಿದರು. ಹದಿನೈದು ತಿಂಗಳುಗಳ ಆ ಪ್ರಯಾಣದಲ್ಲಿ ಅವರ ಪರಿವಾರವು ಸುಮಾರು ನೂರು ಮಂದಿ. ಅವರು ತೆಲುಗಿನಲ್ಲಿ ಬರೆದ ಯಾತ್ರೆಯ ಚರಿತ್ರೆಯನ್ನು ಇಂದಿಗೂ ಓದಬಹುದು. ಪಲ್ಲಕ್ಕಿಯಲ್ಲಿಯೂ ಕಾಲುನಡಗೆಯಲ್ಲಿಯೂ ಸಾಗಬೇಕಾದ ಕಾಲದಲ್ಲಿ ಅಕ್ಕಿಯಿಂದ ಡೇರೆಯವರೆಗೆ ಎಲ್ಲವನ್ನೂ ಕಟ್ಟಿಕೊಳ್ಳದೆ ಗತಿಯಿರಲಿಲ್ಲ. ರೈಲು ಬಂದ ಮೇಲೆಯೂ ಬಹುಕಾಲ ಕಬ್ಬಿಣದ ಟ್ರಂಕು, ಹಾಸಿಗೆಯ ಹೋಲ್ಡಾಲು, ನೀರಿನ ಕೂಜ, ಊಟದ ಕ್ಯಾರಿಯರು ಇವು ನಾಲ್ಕೂ ಇಲ್ಲದೆ ಸಂಸಾರವು ಮನೆಯ ಹೊಸ್ತಿಲನ್ನು ದಾಟುತ್ತಿರಲಿಲ್ಲ. ಈಗ ಹವಾನಿಯಂತ್ರಿತ ಗಾಡಿಗಳಲ್ಲಿ ಹೊದಿಕೆ ದಿಂಬುಗಳನ್ನು ರೈಲ್ವೆಯವರೇ ಕೊಡುವರು. ಸಾಬೂನು ಹಲ್ಲುಪುಡಿಗಳು ಪ್ರತಿಯೊಂದು ಊರಿನ ಬೀದಿಯಲ್ಲಿಯೂ ದೊರೆಯುವುವು. ದಾರಿಯು ಇಷ್ಟು ಸುಲಭವಾಗಿದ್ದರೂ ಗಂಟು ಮಾತ್ರ ಏಕೆ ಕರಗಲಿಲ್ಲ?

ಇದಕ್ಕೆ ಕಾರಣವು ಪೆಟ್ಟಿಗೆಯಲ್ಲಿಲ್ಲ, ಮನೆಯ ನಡೆವಳಿಕೆಯಲ್ಲಿದೆ. ನಾಲ್ವರ ಸಾಮಾನನ್ನು ಒಬ್ಬಳೇ ಕಟ್ಟುವ ಪದ್ಧತಿಯಿರುವ ಮನೆಯಲ್ಲಿ, ದಾರಿಯಲ್ಲಿ ಏನು ಇಲ್ಲದೆ ಹೋದರೂ ಉತ್ತರ ಹೇಳಬೇಕಾದವಳು ಅವಳೊಬ್ಬಳೇ. “ನನ್ನ ನೀಲಿ ಅಂಗಿ ಎಲ್ಲಿ?” “ಅಮ್ಮ, ನನ್ನ ಬಣ್ಣದ ಪೆನ್ಸಿಲು ತರಲಿಲ್ಲವೆ?” “ಇವಳಿಗೆ ಒಂದು ನೇಲ್‌ಕಟರು ಸಹ ಜ್ಞಾಪಕವಿರುವುದಿಲ್ಲ!” ಇಂತಹ ಮಾತುಗಳನ್ನು ಕೇಳಿದವಳು ಮುಂದಿನ ಸಲ ಏನು ಮಾಡುವಳು? ಬೇಕಾಗಬಹುದಾದುದನ್ನೆಲ್ಲ ತುಂಬುವಳು. ಅವಶ್ಯಕತೆಗಾಗಿ ಕಟ್ಟಿದ ಗಂಟಿಗೆ ಒಂದು ಮಿತಿಯುಂಟು. ಆಕ್ಷೇಪಣೆಗೆ ಹೆದರಿ ಕಟ್ಟಿದ ಗಂಟಿಗೆ ಮಿತಿಯಿಲ್ಲ. ಆದುದರಿಂದ ಗಂಟನ್ನು ಚಿಕ್ಕದುಮಾಡುವ ಮೊದಲನೆಯ ಉಪಾಯವು ಮಡಿಸುವ ಚಾತುರ್ಯವಲ್ಲ. ಮನೆಯ ಪ್ರತಿಯೊಬ್ಬರೂ ತಮ್ಮ ತಮ್ಮ ಚೀಲವನ್ನು ತಾವೇ ಕಟ್ಟತಕ್ಕದ್ದು, ತಾವೇ ಹೊರತಕ್ಕದ್ದು, ಮರೆತುದಕ್ಕೆ ತಾವೇ ಹೊಣೆಯಾಗತಕ್ಕದ್ದು ಎಂಬ ಒಪ್ಪಂದವೇ ಆ ಉಪಾಯವು. ಗೃಹಿಣಿಯು ಪಟ್ಟಿಯನ್ನು ಹೇಳಬಹುದು, ಕಡೆಯಲ್ಲಿ ಒಮ್ಮೆ ನೋಡಬಹುದು. ಅದಕ್ಕಿಂತ ಹೆಚ್ಚಿನ ಭಾರವನ್ನು ಅವಳ ಮೇಲೆ ಹೊರಿಸಬಾರದು.

ಮಾತು ಸ್ಪಷ್ಟವಾಗುವುದಕ್ಕೆ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೈಸೂರಿನ ಒಂದು ಸಂಸಾರ: ಗಂಡಹೆಂಡಿರು, ಹದಿನಾಲ್ಕು ವಯಸ್ಸಿನ ಮಗಳು, ಎಪ್ಪತ್ತು ದಾಟಿದ ಅಜ್ಜಿ. ಮೇ ತಿಂಗಳಿನಲ್ಲಿ ಕಾಶಿ, ಪ್ರಯಾಗ, ಹರಿದ್ವಾರಗಳನ್ನು ನೋಡಿಕೊಂಡು ಬದರಿಯವರೆಗೆ ಹೋಗಿಬರಬೇಕೆಂದು ಅವರ ಸಂಕಲ್ಪ. ಮೈಸೂರಿನಿಂದ ಕಾಶಿಗೆ ರೈಲಿನಲ್ಲಿ ಸುಮಾರು ಎರಡು ದಿನಗಳ ದಾರಿ. ಆ ತಿಂಗಳಿನಲ್ಲಿ ಕಾಶಿಯ ಹಗಲಿನ ತಾಪವು ೪೦ ಡಿಗ್ರಿಗಳನ್ನು ಮೀರುವುದು. ಸಮುದ್ರಮಟ್ಟದಿಂದ ೩,೧೦೦ ಮೀಟರುಗಳಷ್ಟು ಎತ್ತರದಲ್ಲಿರುವ ಬದರಿಯಲ್ಲಾದರೋ ಅದೇ ತಿಂಗಳಿನ ರಾತ್ರಿಗಳಲ್ಲಿ ನಡುಕ ಹುಟ್ಟಿಸುವ ಚಳಿ. ಒಂದೇ ಚೀಲವು ಈ ಎರಡಕ್ಕೂ ಒದಗಬೇಕು. ಇದಕ್ಕೆ ಯೋಗ್ಯವಾದ ಗಂಟನ್ನು ಕಟ್ಟಬಲ್ಲವರು ಯಾವ ಪ್ರಯಾಣಕ್ಕಾದರೂ ಕಟ್ಟಬಲ್ಲರು.

ಬಟ್ಟೆಯ ವಿಷಯದಲ್ಲಿ ಮೊದಲನೆಯ ಸೂತ್ರವಿದು: ದಿನಗಳನ್ನು ಎಣಿಸಬೇಡಿರಿ, ಒಗೆತಗಳನ್ನು ಎಣಿಸಿರಿ. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಚೀಲದಲ್ಲಿ ಸಿದ್ಧವಾಗಿ, ಒಂದು ಆಪತ್ತಿಗೆ. ಹೀಗೆ ದಿನಬಳಕೆಯ ಉಡುಪು ನಾಲ್ಕು ಜೊತೆಗಳಿದ್ದರೆ ಹತ್ತು ದಿನಕ್ಕೂ ಸಾಕು, ನಾಲ್ವತ್ತು ದಿನಕ್ಕೂ ಸಾಕು. ಒಳ ಉಡುಪುಗಳನ್ನು ಮಾತ್ರ ಒಂದೆರಡು ಹೆಚ್ಚಾಗಿ ಇಟ್ಟುಕೊಳ್ಳಬೇಕು. ಇದರ ಮೇಲೆ ದೇವದರ್ಶನಕ್ಕೋ ಬಂಧುಗಳ ಮನೆಗೋ ಒಳ್ಳೆಯದೊಂದು ಜೊತೆ ಇರಲಿ. ಎಂಟು ಮೊಳದ ತೆಳುವಾದ ಹಗ್ಗ, ಆರು ಕ್ಲಿಪ್ಪುಗಳು, ಒಂದು ಒಗೆಯುವ ಸಾಬೂನು ಇವುಗಳ ತೂಕವು ಒಂದು ಸೀರೆಗಿಂತ ಕಡಿಮೆ. ಆದರೆ ಹತ್ತು ಸೀರೆಗಳ ಕೆಲಸವನ್ನು ಮಾಡುವುವು. ಕಾಶಿಯ ಒಣಬಿಸಿಲಿನಲ್ಲಿ ನೂಲಿನ ಬಟ್ಟೆಯು ಬಹುಬೇಗ ಒಣಗುವುದು. ಬೆಟ್ಟದ ಮೇಲೆ ಅದೇ ಬಟ್ಟೆಯು ಮಾರನೆಯ ದಿನಕ್ಕೂ ಹಸಿಯಾಗಿಯೇ ಇರಬಹುದಾದುದರಿಂದ, ಹರಿದ್ವಾರವನ್ನು ಬಿಡುವ ಮುನ್ನವೇ ಎಲ್ಲವನ್ನೂ ಒಗೆದು ಒಣಗಿಸಿಕೊಳ್ಳಬೇಕು.

ಚಳಿಯ ಉಡುಪಿನ ವಿಷಯದಲ್ಲಿ, ದಪ್ಪನಾದ ಒಂದು ಕೋಟಿಗಿಂತ ತೆಳುವಾದ ಮೂರು ಬಟ್ಟೆಗಳು ಮೇಲು. ಬೆಚ್ಚಗಿಡುವುದು ಬಟ್ಟೆಯೊಂದೇ ಅಲ್ಲ. ಪದರಪದರಗಳ ನಡುವೆ ಸೆರೆಸಿಕ್ಕಿದ ಗಾಳಿಯೂ ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ. ಮೈಗೆ ಅಂಟಿದಂತೆ ಉಣ್ಣೆಯ ತೆಳು ಬನಿಯನು, ಅದರ ಮೇಲೆ ತುಂಬುತೋಳಿನ ಸ್ವೆಟರು, ಎಲ್ಲಕ್ಕೂ ಮೇಲೆ ಗಾಳಿಯನ್ನೂ ಮಳೆಯನ್ನೂ ತಡೆಯುವ ಹಗುರವಾದ ಅಂಗಿ. ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಉಣ್ಣೆಯ ಕಾಲುಚೀಲ, ಒಂದು ಶಾಲು. ಬಿಸಿಲೇರಿದಾಗ ಒಂದೊಂದನ್ನೇ ಕಳಚಬಹುದು. ದಪ್ಪ ಕೋಟಿನಲ್ಲಿ ಈ ಅನುಕೂಲವಿಲ್ಲ. ಉಣ್ಣೆಯು ತುಸು ತೇವವಾದರೂ ಬೆಚ್ಚಗಿರುವುದು. ನೂಲಿನ ಬಟ್ಟೆಯು ತೇವವಾದರೆ ಮೈಯ ಕಾವನ್ನೇ ಹೀರುವುದು. ಈ ಚಳಿಯ ಉಡುಪುಗಳನ್ನೆಲ್ಲ ಪ್ರತ್ಯೇಕವಾದ ಒಂದು ಚೀಲದಲ್ಲಿ ಬಿಗಿದು, ಹರಿದ್ವಾರದವರೆಗೆ ಬಿಚ್ಚದಿರುವುದು ಒಳ್ಳೆಯದು. ಅಲ್ಲಿ ಅದನ್ನು ಬಿಚ್ಚಿದ ಮೇಲೆ ಬಯಲುಸೀಮೆಯ ಬಟ್ಟೆಗಳನ್ನು ಬೇರೆ ಕಟ್ಟಿ, ತಂಗಿದ ವಸತಿಗೃಹದಲ್ಲಿಯೋ ರೈಲುನಿಲ್ದಾಣದ ಸಾಮಾನುಕೋಣೆಯಲ್ಲಿಯೋ ಇಟ್ಟು ಬೆಟ್ಟವನ್ನು ಹತ್ತಬಹುದು. ಹೇಗೂ ಅದೇ ದಾರಿಯಲ್ಲಿ ಹಿಂದಿರುಗಬೇಕಷ್ಟೆ. ಬೀಗ ಹಾಕದ ಸಾಮಾನನ್ನು ನಿಲ್ದಾಣದವರು ಒಪ್ಪಿಕೊಳ್ಳುವುದಿಲ್ಲವೆಂಬುದನ್ನು ಮರೆಯಬಾರದು.

ಇನ್ನು ತೂಕದ ವಿಚಾರ. ರೈಲ್ವೆಯವರು ಪ್ರತಿಯೊಂದು ಪೂರ್ಣ ಟಿಕೆಟ್ಟಿಗೂ ಇಂತಿಷ್ಟು ಸಾಮಾನನ್ನು ಬಾಡಿಗೆಯಿಲ್ಲದೆ ಬಿಡುವರು: ಎರಡನೆಯ ತರಗತಿಗೆ ೩೫ ಕಿಲೋಗ್ರಾಂ, ಸ್ಲೀಪರಿಗೂ ಹವಾನಿಯಂತ್ರಿತ ಮೂರಂತಸ್ತಿನ ಗಾಡಿಗೂ ೪೦, ಎರಡಂತಸ್ತಿನ ಗಾಡಿಗೆ ೫೦, ಹವಾನಿಯಂತ್ರಿತ ಮೊದಲನೆಯ ತರಗತಿಗೆ ೭೦. ಹಾಗೆ ನೋಡಿದರೆ ನಮ್ಮ ಸಂಸಾರವು ಸ್ಲೀಪರಿನಲ್ಲಿ ೧೬೦ ಕಿಲೋಗಳನ್ನು ಒಯ್ಯಬಹುದು! ಆದರೆ ರೈಲ್ವೆಯವರ ಲೆಕ್ಕವು ಗಾಡಿಯ ಶಕ್ತಿಗೆ ಸಂಬಂಧಪಟ್ಟದ್ದು, ನಮ್ಮ ತೋಳಿನ ಶಕ್ತಿಗೆ ಅಲ್ಲ. ನಿಲ್ದಾಣದ ಮೇಲ್ಸೇತುವೆಯ ಮೆಟ್ಟಲು, ವಾಹನವು ನುಗ್ಗಲಾರದ ಕಾಶಿಯ ಗಲ್ಲಿಗಳು, ಗಂಗೆಯ ಘಟ್ಟದ ಸೋಪಾನಗಳು ಇವೇ ನಿಜವಾದ ತಕ್ಕಡಿ. ಎರಡು ಮಹಡಿಯ ಮೆಟ್ಟಲುಗಳನ್ನು ನಿಲ್ಲದೆ ಹತ್ತುವಾಗ ಯಾರು ಎಷ್ಟನ್ನು ಹೊರಬಲ್ಲರೋ ಅಷ್ಟೇ ಅವರ ಪಾಲು. ಗಂಡನಿಗೆ ೧೦ ಕಿಲೋ, ಹೆಂಡತಿಗೆ ೧೦, ಮಗಳಿಗೆ ೬, ಅಜ್ಜಿಗೆ ಹೆಗಲಿಗೆ ತಗುಲಿಸುವ ೨ ಕಿಲೋಗಳ ಚೀಲ. ಅಜ್ಜಿಯ ಮಿಕ್ಕ ಬಟ್ಟೆಗಳೂ ಎಲ್ಲರಿಗೂ ಸೇರಿದ ತಿಂಡಿಯೂ ಬೇರೊಂದು ಚೀಲದಲ್ಲಿ ೮ ಕಿಲೋ. ಅದನ್ನು ಗಂಡಹೆಂಡಿರು ಸರದಿಯ ಮೇಲೆ ಹಿಡಿಯತಕ್ಕದ್ದು. ಒಟ್ಟು ೩೬ ಕಿಲೋ. ನಾಲ್ವರ ತಿಂಗಳ ಗಂಟು ಒಂದು ಸ್ಲೀಪರ್ ಟಿಕೆಟ್ಟಿನ ಮಿತಿಯೊಳಗೆ ಅಡಗಿಹೋಯಿತು!

ಇದು ಹೇಗೆ ಸಾಧ್ಯವೆಂದು ಶಂಕಿಸುವವರು ತಮ್ಮ ವಸ್ತುಗಳನ್ನು ಒಂದೊಂದಾಗಿ ತೂಗಿನೋಡಲಿ. ನೂಲಿನ ಸೀರೆಯು ಸುಮಾರು ಅರ್ಧ ಕಿಲೋ. ಜರಿಯಂಚಿನ ದಪ್ಪ ರೇಷ್ಮೆಯ ಸೀರೆಯು ಮುಕ್ಕಾಲು ಕಿಲೋ ದಾಟುವುದುಂಟು. ಮೈಯೊರಸುವ ದಪ್ಪ ಟವೆಲೊಂದು ಅರ್ಧ ಕಿಲೋ ತೂಗಿ, ಒಣಗುವುದಕ್ಕೆ ಒಂದು ದಿನವನ್ನು ತೆಗೆದುಕೊಳ್ಳುವುದು. ನಮ್ಮ ತೆಳುವಾದ ಚೌಕಳಿಯ ಟವೆಲು ಅದರ ಮೂರರಲ್ಲೊಂದು ಪಾಲೂ ಇಲ್ಲ, ಗಳಿಗೆಯಲ್ಲಿ ಒಣಗುವುದು. ಖಾಲಿ ಪೆಟ್ಟಿಗೆಯೇ ನಾಲ್ಕೈದು ಕಿಲೋ ಇದ್ದರೆ ಅದರಲ್ಲಿ ಇಡುವುದೇನು? ಆದುದರಿಂದ ಚೀಲವನ್ನು ಕೊಳ್ಳುವಾಗ ಮೊದಲು ಬರಿದಾದುದನ್ನೇ ಎತ್ತಿನೋಡಬೇಕು. ಮನೆಯಲ್ಲಿ ಆಳುತೂಕದ ಯಂತ್ರವಿದ್ದರೆ, ಚೀಲವನ್ನು ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ನಿಂತರೆ ವ್ಯತ್ಯಾಸವೇ ಚೀಲದ ತೂಕವು.

ಜೋಡಿಸುವ ಕ್ರಮವನ್ನೂ ಸ್ವಲ್ಪ ಹೇಳಬೇಕು. ಭಾರವಾದುವು ಗಾಲಿಯ ಪೆಟ್ಟಿಗೆಯಲ್ಲಿ ಗಾಲಿಗಳ ಕಡೆಗೂ, ಬೆನ್ನುಚೀಲದಲ್ಲಿ ಬೆನ್ನಿನ ಮಗ್ಗುಲಿಗೂ ಇರಬೇಕು. ಇಲ್ಲವಾದರೆ ಪೆಟ್ಟಿಗೆಯು ಉರುಳುವುದು, ಚೀಲವು ಹಿಂದಕ್ಕೆ ಎಳೆಯುವುದು. ಮೆತ್ತನೆಯ ಬಟ್ಟೆಗಳನ್ನು ಚಾಪೆಯಂತೆ ಬಿಗಿಯಾಗಿ ಸುತ್ತಿದರೆ ಎಡೆ ಉಳಿಯುವುದಲ್ಲದೆ, ಒಂದನ್ನು ಎಳೆದರೆ ಮಿಕ್ಕವು ಕೆಡುವುದಿಲ್ಲ. ಗರಿಯ ಸೀರೆಯನ್ನೂ ಇಸ್ತ್ರಿಯ ಅಂಗಿಯನ್ನೂ ಮಾತ್ರ ಮಡಿಸಿ ಎಲ್ಲಕ್ಕೂ ಮೇಲೆ ಇಡಬೇಕು. ಪಾದರಕ್ಷೆಯ ಹೊಟ್ಟೆಯೊಳಗೆ ಕಾಲುಚೀಲಗಳು ಅಡಗುವುವು. ಒಳ ಉಡುಪಿಗೆ ಒಂದು, ಮಾಸಿದ ಬಟ್ಟೆಗೆ ಒಂದು, ಹಸಿಬಟ್ಟೆಗೆ ನೀರು ಸೋರದ ಒಂದು, ಹೀಗೆ ಹಳೆಯ ದಿಂಬಿನ ಗವಸುಗಳಿಂದಲೇ ಸಣ್ಣ ಚೀಲಗಳನ್ನು ಹೊಲಿದುಕೊಂಡರೆ ಹಣವೂ ಉಳಿಯುವುದು. ರೈಲಿನ ರಾತ್ರಿಗೆ ಬೇಕಾದ ಹೊದಿಕೆ, ಟವೆಲು, ಹಲ್ಲುಜ್ಜುವ ಸಾಮಾನು ಇವು ಮೇಲುಗಡೆಯೇ ಇರಲಿ. ಒಂದು ಬ್ರಷ್ಷಿಗಾಗಿ ಗಾಡಿಯ ದಾರಿಯಲ್ಲಿ ಪೆಟ್ಟಿಗೆಯನ್ನು ತೋಡುವುದು ಯಾರಿಗೂ ಶೋಭಿಸುವುದಿಲ್ಲ. ಇನ್ನೊಂದು ಎಚ್ಚರಿಕೆ: ಪ್ರತಿಯೊಬ್ಬರ ಒಂದು ಜೊತೆ ಬಟ್ಟೆಯು ಇನ್ನೊಬ್ಬರ ಚೀಲದಲ್ಲಿರಲಿ. ಒಂದು ಚೀಲವು ಕಳೆದುಹೋದರೂ ಯಾರೂ ಉಟ್ಟ ಬಟ್ಟೆಯಲ್ಲಿ ಉಳಿಯಬೇಕಾಗುವುದಿಲ್ಲ.

ಇದುವರೆಗೆ ಹೇಳಿದುದರಲ್ಲಿ ಏನು ತಪ್ಪಿದರೂ ಹಣದಿಂದ ಸರಿಪಡಿಸಬಹುದು. ಔಷಧದ ವಿಷಯವು ಹಾಗಲ್ಲ. ಅಜ್ಜಿಯ ರಕ್ತದೊತ್ತಡದ ಮಾತ್ರೆಗಳನ್ನು ತಿಂಗಳಿಗೆ ಬೇಕಾಗುವಷ್ಟಲ್ಲದೆ ಇನ್ನೊಂದು ವಾರಕ್ಕೂ ಆಗುವಷ್ಟು ತೆಗೆದುಕೊಂಡು ಎರಡು ಪಾಲು ಮಾಡಬೇಕು. ಒಂದು ಪಾಲು ಅಜ್ಜಿಯ ಹೆಗಲಚೀಲದಲ್ಲಿ, ಇನ್ನೊಂದು ಮಗನ ಬಳಿ. ವೈದ್ಯರ ಚೀಟಿಯ ಪ್ರತಿಯೂ ಎರಡು ಕಡೆಯಿರಲಿ. ಅದರಲ್ಲಿ ಔಷಧದ ರಾಸಾಯನಿಕ ಹೆಸರೂ ಇದ್ದರೆ ಬೇರೆ ಕಂಪೆನಿಯ ಮಾತ್ರೆಯನ್ನು ಕೊಡಲು ಅಂಗಡಿಯವರಿಗೆ ಸುಲಭ. ಇನ್ಸುಲಿನ್ ತೆಗೆದುಕೊಳ್ಳುವವರು ಹೆಚ್ಚಿನ ಜಾಗರೂಕತೆಯಿಂದಿರಬೇಕು. ತೆರೆಯದ ಸೀಸೆಗೆ ೨ರಿಂದ ೮ ಡಿಗ್ರಿಗಳ ತಂಪು ಬೇಕು. ಬಳಕೆಯಲ್ಲಿರುವುದು ಸಾಧಾರಣ ಕೋಣೆಯ ತಾಪದಲ್ಲಿ ಸುಮಾರು ನಾಲ್ಕು ವಾರ ಕೆಡದಿದ್ದರೂ ಕಾಶಿಯ ೪೦ ಡಿಗ್ರಿಯನ್ನು ತಡೆಯಲಾರದು. ನೀರಿನಲ್ಲಿ ನೆನೆಸಿ ತಂಪಾಗಿಡುವ ಪುಟ್ಟ ಚೀಲಗಳು ಔಷಧದ ಅಂಗಡಿಗಳಲ್ಲಿ ಸಿಗುವುವು. ಆದರೆ ಮಂಜುಗಡ್ಡೆಗೆ ತಗುಲಿಸಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಯಾವ ಔಷಧವನ್ನೂ ಕಣ್ಣಿಗೆ ಕಾಣದ ಕಡೆಗೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡತಕ್ಕದ್ದಲ್ಲ. ಬೆಟ್ಟದ ಎತ್ತರವು ಹೃದಯಕ್ಕೂ ಉಸಿರಿಗೂ ಶ್ರಮ ಕೊಡುವುದರಿಂದ, ಹೊರಡುವ ಮುನ್ನ ಅಜ್ಜಿಯನ್ನು ವೈದ್ಯರಿಗೆ ತೋರಿಸಿ ಅವರ ಅಪ್ಪಣೆಯನ್ನು ಪಡೆಯುವುದೂ ಗಂಟು ಕಟ್ಟುವ ಕೆಲಸದ ಒಂದು ಭಾಗವೆಂದೇ ತಿಳಿಯಬೇಕು.

ಗುರುತಿನ ಚೀಟಿಗಳು, ಟಿಕೆಟ್ಟುಗಳು, ಬದರಿಯ ಯಾತ್ರೆಗೆ ಉತ್ತರಾಖಂಡ ಸರ್ಕಾರದಲ್ಲಿ ಮೊದಲೇ ಹೆಸರು ನೋಂದಾಯಿಸಿದ ಪತ್ರ ಇವೆಲ್ಲ ಮೊಬೈಲಿನಲ್ಲಿ ಇದ್ದರೂ ಕಾಗದದ ಮೇಲೆ ಒಂದು ಪ್ರತಿ ಇರಲಿ. ಎಲ್ಲರ ಹಣವೂ ಒಬ್ಬರ ಜೇಬಿನಲ್ಲಿ ಇರಬಾರದು. ಅಜ್ಜಿಯ ಚೀಲದಲ್ಲಿ ಮಗನ ಫೋನಿನ ಸಂಖ್ಯೆಯನ್ನೂ ತಂಗುವ ಸ್ಥಳದ ವಿಳಾಸವನ್ನೂ ಹಿಂದಿಯಲ್ಲಿ ದೊಡ್ಡ ಅಕ್ಷರಗಳಿಂದ ಬರೆದಿಟ್ಟರೆ, ಜನಜಂಗುಳಿಯಲ್ಲಿ ಅಗಲಿದರೂ ಭಯವಿಲ್ಲ.

ತಿಂಡಿಯನ್ನು ಮೊದಲ ಎರಡು ದಿನಗಳ ದಾರಿಗೆ ಸಾಕಾಗುವಷ್ಟು ಮಾತ್ರ ಕಟ್ಟಬೇಕು. ಮೊದಲ ಹೊತ್ತಿಗೆ ಪುಳಿಯೋಗರೆ, ಚಪಾತಿ. ಬೇಸಗೆಯ ಗಾಡಿಯಲ್ಲಿ ಮೊಸರನ್ನವು ಬೇಗ ಹುಳಿಯುವುದರಿಂದ ಅದನ್ನು ಬಿಡುವುದೇ ಕ್ಷೇಮ. ಆ ಮೇಲಕ್ಕೆ ಹುರಿದ ಅವಲಕ್ಕಿ, ಚಕ್ಕುಲಿ, ಕೋಡುಬಳೆ. ನಮ್ಮ ಉತ್ತರದ ಸೀಮೆಯವರ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಗಳಿಗೆ ಸಮಾನವಾದ ಪ್ರಯಾಣದ ಆಹಾರವು ಇನ್ನೊಂದಿಲ್ಲ. ವಾರಗಳವರೆಗೆ ಕೆಡವು, ತೂಕವೂ ಕಡಿಮೆ. ಒಂದು ಡಬ್ಬಿ ಚಟ್ನಿಪುಡಿಯಿದ್ದರೆ ಪರಸ್ಥಳದ ರೊಟ್ಟಿಗೂ ಅನ್ನಕ್ಕೂ ರುಚಿ ಬರುವುದು. ಕೆಲವರು ದಾರಿಯಲ್ಲಿ ಕಾಫಿ ಕಾಸುವುದಕ್ಕೆಂದು ಪುಟ್ಟ ಗ್ಯಾಸ್ ಒಲೆಯನ್ನೋ ಸೀಮೆಎಣ್ಣೆಯನ್ನೋ ಒಯ್ಯುವರು. ರೈಲಿನಲ್ಲಿ ಇವನ್ನು ಒಯ್ಯುವುದು ೧೯೮೯ರ ರೈಲ್ವೆ ಕಾನೂನಿನ ಪ್ರಕಾರ ಅಪರಾಧವು. ಮೂರು ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯಾಗಬಹುದು. ಒಂದು ಲೋಟ ಕಾಫಿಗಾಗಿ ಗಾಡಿಯ ಜನರ ಪ್ರಾಣವನ್ನು ಒತ್ತೆಯಿಡುವುದು ಸಜ್ಜನರ ಲಕ್ಷಣವಲ್ಲ.

ಹಿಂದಿರುಗುವ ಗಂಟನ್ನೂ ಹೊರಡುವಾಗಲೇ ಯೋಚಿಸಬೇಕು. ಕಾಶಿಗೆ ಹೋದವರು ಒಂದು ಸೀರೆಯನ್ನಾದರೂ ತರದೆ ಬರುವುದುಂಟೆ? ಚೀಲದ ನಾಲ್ಕನೆಯ ಒಂದು ಪಾಲು ಬರಿದಾಗಿಯೇ ಹೊರಡಲಿ. ಹೆಚ್ಚಾದುದನ್ನು ಕಾಶಿಯ ಅಂಚೆಯ ಕಚೇರಿಯಿಂದಲೇ ಮನೆಗೆ ಪಾರ್ಸಲು ಮಾಡಬಹುದು. ಗಂಗಾಜಲವನ್ನು ೨೦೧೬ರಿಂದ ಅಂಚೆಯ ಇಲಾಖೆಯವರೇ ಮಾರುತ್ತಿರುವರು. ನೆರೆಹೊರೆಯವರಿಗೆಲ್ಲ ಹಂಚುವುದಕ್ಕೆಂದು ಹತ್ತು ಲೀಟರಿನ ಡಬ್ಬವನ್ನು ಹೊರಬೇಕಾದುದಿಲ್ಲ. ಹಿಂದಿರುಗುವಾಗ ವಿಮಾನವನ್ನು ಹತ್ತುವವರಿಗೆ ಬೇರೊಂದು ಲೆಕ್ಕವುಂಟು. ದೇಶದೊಳಗಿನ ಸಾಧಾರಣ ಟಿಕೆಟ್ಟಿಗೆ ಅನೇಕ ಕಂಪೆನಿಗಳು ಒಪ್ಪಿಸುವ ಪೆಟ್ಟಿಗೆಗೆ ೧೫ ಕಿಲೋ, ಕೈಚೀಲಕ್ಕೆ ೭ ಕಿಲೋ ಮಾತ್ರ ಬಿಡುವರು. ಪೂಜೆಯ ಚೀಲದಲ್ಲಿ ಕರ್ಪೂರ, ಬೆಂಕಿಪೆಟ್ಟಿಗೆಗಳಿದ್ದರೆ ತೆಗೆದುಬಿಡಬೇಕು. ಬೇಗ ಹೊತ್ತಿಕೊಳ್ಳುವುವಾದುದರಿಂದ ಅವಕ್ಕೆ ವಿಮಾನದಲ್ಲಿ ಪ್ರವೇಶವಿಲ್ಲ. ಎಣ್ಣೆಯಂಶವು ಹೆಚ್ಚಾಗಿ ತಾನೇ ಕಾವೇರಬಲ್ಲ ಒಣಕೊಬ್ಬರಿಗೂ ಅದೇ ನಿಷೇಧ. ಫೋನಿಗೆ ವಿದ್ಯುತ್ತನ್ನು ತುಂಬುವ ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಇಡತಕ್ಕದ್ದು, ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಕೂಡದು.

ಇಷ್ಟನ್ನೂ ಹೊರಡುವುದಕ್ಕೆ ಮೂರು ದಿನ ಮೊದಲೇ ಕಟ್ಟಿ ಮುಗಿಸಿ, ಆ ದಿನವೇ ಒಂದು ಪರೀಕ್ಷೆಯನ್ನು ಮಾಡಬೇಕು. ಪ್ರತಿಯೊಬ್ಬರೂ ತಮ್ಮ ಚೀಲವನ್ನು ಹೊತ್ತು ಬೀದಿಯ ಕೊನೆಯವರೆಗೆ ಹೋಗಿಬರಲಿ. ನೆರೆಯವರು ನಕ್ಕರೆ ನಗಲಿ. ಬಂದವರು ತಾವಾಗಿಯೇ ಚೀಲವನ್ನು ಬಿಚ್ಚಿ ಒಂದೆರಡು ವಸ್ತುಗಳನ್ನು ಹೊರಗೆ ತೆಗೆಯುವರು; ಯಾರೂ ಉಪದೇಶ ಮಾಡಬೇಕಾಗುವುದಿಲ್ಲ. “ಇದು ಇಲ್ಲದಿದ್ದರೆ ಆ ಊರಿನಲ್ಲಿ ಸಿಗುವುದೆ?” ಎಂದು ಪ್ರತಿಯೊಂದು ವಸ್ತುವಿಗೂ ಪ್ರಶ್ನೆ ಹಾಕಬೇಕು. ಸಿಗುವುದಾದರೆ ಅದು ಮನೆಯಲ್ಲಿಯೇ ಉಳಿಯಲಿ. ಕನ್ನಡಕ, ಔಷಧ, ಕಾಗದಪತ್ರ, ಕಾಲಿಗೆ ಹೊಂದಿಕೊಂಡ ಹಳೆಯ ಪಾದರಕ್ಷೆ ಇವು ನಾಲ್ಕು ಮಾತ್ರ ಪರಸ್ಥಳದಲ್ಲಿ ಕ್ಷಣದಲ್ಲಿ ಸಿಗಲಾರವು. ಉಳಿದ ಎರಡು ದಿನಗಳು ಮನೆಯನ್ನು ಭದ್ರಪಡಿಸುವುದಕ್ಕೆ: ಹಾಲಿನವನಿಗೂ ಪತ್ರಿಕೆಯವನಿಗೂ ಹೇಳುವುದು, ಗ್ಯಾಸಿನ ಕೀಲಿಯನ್ನು ಮುಚ್ಚುವುದು, ಕೆಡುವ ತರಕಾರಿಯನ್ನು ನೆರೆಯವರಿಗೆ ಕೊಡುವುದು, ತುಳಸಿಗೆ ನೀರೆರೆಯುವ ಭಾರವನ್ನು ಒಬ್ಬರಿಗೆ ಒಪ್ಪಿಸುವುದು.

ಹೀಗೆ ಕಟ್ಟಿದ ಮನೆಯಲ್ಲಿ ಹೊರಡುವ ಹಿಂದಿನ ರಾತ್ರಿ ಗೃಹಿಣಿಯೂ ಮಿಕ್ಕವರಂತೆ ಹತ್ತು ಗಂಟೆಗೆ ಮಲಗಬಹುದು. ಮನೆಯ ಮಿಕ್ಕವರ ಅಂಗಿಯನ್ನೂ ಕಾಲುಚೀಲವನ್ನೂ ಎಣಿಸುವುದರಲ್ಲಿಯೇ ತನ್ನ ಓದುವ ಪುಸ್ತಕವನ್ನು ಮರೆಯುತ್ತಿದ್ದವಳು ಈ ಸಲ ಅದನ್ನು ಮೊದಲೇ ಚೀಲದಲ್ಲಿ ಇಟ್ಟುಕೊಂಡಿರುವಳು. ರಜೆಯೆಂಬುದು ಮನೆಯ ಎಲ್ಲರಿಗೂ ಸಲ್ಲಬೇಕಾದುದು. ಅವಳ ರಜೆಯೂ ಮಿಕ್ಕವರದರಂತೆ ಮನೆಯ ಬಾಗಿಲಿನಲ್ಲಿಯೇ ಆರಂಭವಾಗಲಿ. ಒಂದು ನೇಲ್‌ಕಟರು ಮರೆತುಹೋದರೆ ಕಾಶಿಯ ಅಂಗಡಿಯಲ್ಲಿ ಕೊಂಡರಾಯಿತು.